ಸೈನ್ 15° ಒಂದೇ, ಉತ್ತರ ಮೂರು ಬಂದಿದ್ದು ಹೇಗೆ?

ಓದುಗರ ಪ್ರಶ್ನೆ: ನಾನು ತೀರ್ಥಹಳ್ಳಿಯಲ್ಲಿ ಪ್ರಥಮ ಪಿಯುಸಿ ಓದುತ್ತಿದ್ದೇನೆ. ಸೈನ್ 15°ಯ ನಿಖರ ಬೆಲೆ ಕಂಡುಹಿಡಿಯಲು ಸಂಯುಕ್ತ ಕೋನದ ಸೂತ್ರ ಹಾಕಿದಾಗ ನನಗೆ (√3 − 1)/(2√2) ಬಂತು. ಪುಸ್ತಕದ ಹಿಂದಿನ ಉತ್ತರ (√6 − √2)/4. ಗೆಳತಿ ಅರ್ಧಕೋನದ ಸೂತ್ರದಿಂದ √(2 − √3)/2 ತಂದಳು. ಕ್ಯಾಲ್ಕುಲೇಟರ್ ಒತ್ತಿದರೆ 0.2588. ಯಾವುದನ್ನು ಬರೆಯಲಿ?

ಉತ್ತರ: ಮೊದಲ ಮೂರರಲ್ಲಿ ಯಾವುದನ್ನು ಬರೆದರೂ ಸರಿ, ಏಕೆಂದರೆ ಮೂರೂ ಒಂದೇ ಸಂಖ್ಯೆ. 0.2588 ಮಾತ್ರ ಆ ಸಂಖ್ಯೆಯಲ್ಲ, ಅದರ ಹತ್ತಿರದ್ದು. ದಶಮಾಂಶ 0.258819... ಎಂದು ಕೊನೆಯಿಲ್ಲದೆ ಸಾಗುತ್ತದೆ. ‘ನಿಖರ ಬೆಲೆ’ ಕೇಳಿದಾಗ ವರ್ಗಮೂಲವನ್ನು ಹಾಗೇ ಉಳಿಸಬೇಕು.

ನಿಮ್ಮ ಉತ್ತರದ ಅಂಶ, ಛೇದ ಎರಡನ್ನೂ √2ರಿಂದ ಗುಣಿಸಿ. ಮೇಲೆ √6 − √2, ಕೆಳಗೆ 4. ಅದೇ ಪುಸ್ತಕದ ಉತ್ತರ. ಗೆಳತಿಯದನ್ನು ಹೋಲಿಸಲು ಎರಡನ್ನೂ ವರ್ಗ ಮಾಡಬೇಕು. ಪುಸ್ತಕದ್ದರ ವರ್ಗ (6 + 2 − 2√12)/16, ಅಂದರೆ (8 − 4√3)/16, ಅಂದರೆ (2 − √3)/4. ಗೆಳತಿಯದರ ವರ್ಗವೂ (2 − √3)/4. ವರ್ಗ ಸಮವಾದರೆ ಸಾಲದು, ಎರಡೂ ಧನ ಸಂಖ್ಯೆ ಎಂದು ಒಂದು ಸಾಲು ಬರೆಯಿರಿ. 3 ಮತ್ತು −3ರ ವರ್ಗವೂ ಸಮವೇ ತಾನೆ!

ಈಗ ಬಿಡಿಸುವ ದಾರಿ. ಬೆಲೆ ಬಾಯಿಪಾಠವಿರುವ 30°, 45°, 60°ಗಳಿಂದ ಬೇಕಾದ ಕೋನವನ್ನು ಕಟ್ಟಬೇಕು. 15° = 45° − 30°.

ಸೈನ್(ಎ − ಬಿ) = ಸೈನ್ ಎ · ಕಾಸ್ ಬಿ − ಕಾಸ್ ಎ · ಸೈನ್ ಬಿ

ಸೈನ್ 15° = (1/√2)(√3/2) − (1/√2)(1/2) = (√3 − 1)/(2√2)

60° − 45° ಎಂದು ಒಡೆದರೂ ಇದೇ ಬರುತ್ತದೆ. ಪ್ರಶ್ನೆ ರೇಡಿಯನ್‌ನಲ್ಲಿದ್ದು ಪೈ/12 ಎಂದಿದ್ದರೆ ಅದು ಪೈ/3 − ಪೈ/4.

ಅತಿ ಸಾಮಾನ್ಯ ತಪ್ಪು, ಸೈನ್ 45° − ಸೈನ್ 30° ಎಂದು ನೇರವಾಗಿ ಕಳೆದುಬಿಡುವುದು. ಆಗ 0.207 ಬರುತ್ತದೆ. ಇದು ಸರಿ ಬೆಲೆಯಿಂದ ತೀರಾ ದೂರವಿಲ್ಲ, ಹಾಗಾಗಿ ಅನುಮಾನವೇ ಬರುವುದಿಲ್ಲ. ಅದೇ ತಪ್ಪನ್ನು 75°ಗೆ ಮಾಡಿ ನೋಡಿ: 0.707 + 0.5 = 1.207. ಸೈನ್ 1ನ್ನು ದಾಟುವುದುಂಟೆ?

ಕಾಸ್ ಸೂತ್ರದಲ್ಲಿ ಚಿಹ್ನೆ ತಿರುಗುತ್ತದೆ: ಕೋನಗಳನ್ನು ಕೂಡಿದರೆ ನಡುವೆ ಕಳೆಯುವ ಚಿಹ್ನೆ. ಕಾಸ್ 105° = ಕಾಸ್ 60° · ಕಾಸ್ 45° − ಸೈನ್ 60° · ಸೈನ್ 45° = (√2 − √6)/4. ಋಣ ಸಂಖ್ಯೆ ಬಂತೆಂದು ಗಾಬರಿ ಬೇಡ. 105° ಎರಡನೆಯ ಚತುರ್ಥಕದಲ್ಲಿದೆ, ಅಲ್ಲಿ ಕಾಸ್ ಋಣವೇ ಆಗಿರಬೇಕು. ಚಿಹ್ನೆ ತಪ್ಪಿ ಕೂಡಿದ್ದರೆ 0.966 ಸಿಗುತ್ತಿತ್ತು, ಅದು ಕಾಸ್ 15°. ಲೆಕ್ಕ ಶುರು ಮಾಡುವ ಮೊದಲೇ ಚತುರ್ಥಕ ನೋಡಿ ಅಂಚಿನಲ್ಲಿ + ಅಥವಾ − ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಟ್ಯಾನ್‌ನಲ್ಲಿ ಪೇಚು ಬೇರೆ. ಟ್ಯಾನ್ 75°ಯನ್ನು 90° − 15° ಎಂದು ಒಡೆದು ಸೂತ್ರಕ್ಕೆ ಹಾಕಿದರೆ ಕೈಕೊಡುತ್ತದೆ, ಟ್ಯಾನ್ 90°ಗೆ ಬೆಲೆಯೇ ಇಲ್ಲ. 45° + 30° ತೆಗೆದುಕೊಳ್ಳಿ. ಟ್ಯಾನ್ 15°ಯಲ್ಲಿ (√3 − 1)/(√3 + 1) ಬಂದ ಮೇಲೆ ಅಂಶ, ಛೇದ ಎರಡನ್ನೂ √3 − 1ರಿಂದ ಗುಣಿಸಿದರೆ (4 − 2√3)/2, ಕೊನೆಗೆ 2 − √3. ಇಲ್ಲಿ ಒಂದೇ ಪದವನ್ನು 2ರಿಂದ ಭಾಗಿಸಿ ಇನ್ನೊಂದನ್ನು ಮರೆಯುವವರು ಬಹಳ. 2 − 2√3 ಬರೆದರೆ ಅದು ಋಣ. 4 − √3 ಬರೆದರೆ 2ಕ್ಕಿಂತ ಹೆಚ್ಚು. ಟ್ಯಾನ್ 45° = 1 ಆಗಿರುವಾಗ ಟ್ಯಾನ್ 15° ಸೊನ್ನೆಗೂ ಒಂದಕ್ಕೂ ನಡುವೆಯೇ ಇರಬೇಕು.

ರೂಪ ಯಾವುದಾದರೂ ಬೆಲೆ ಒಂದೇ ಅಂದೆವಲ್ಲ, ದಶಮಾಂಶಕ್ಕೆ ಇಳಿಸುವಾಗ ಮಾತ್ರ ರೂಪ ಲೆಕ್ಕಕ್ಕೆ ಬರುತ್ತದೆ. ಶಿವಮೊಗ್ಗ ಸುಮಾರು 14° ಉತ್ತರ ಅಕ್ಷಾಂಶದಲ್ಲಿದೆ. ಹಗಲು ರಾತ್ರಿ ಸಮವಾಗುವ ಮಾರ್ಚ್, ಸೆಪ್ಟೆಂಬರ್ ದಿನಗಳಲ್ಲಿ ನಡುಹಗಲ ಸೂರ್ಯ ಸುಮಾರು 76° ಎತ್ತರಕ್ಕೇರುತ್ತಾನೆ, ಅದಕ್ಕೆ ತುಸು ಮೊದಲು 75°ಯಲ್ಲಿರುತ್ತಾನೆ. ಆ ಹೊತ್ತಿನಲ್ಲಿ ಸಮತಟ್ಟು ನೆಲದ ಮೇಲೆ ನೆಟ್ಟಗಿರುವ 50 ಅಡಿ ಅಡಿಕೆ ಮರದ ನೆರಳು 50 × ಟ್ಯಾನ್ 15°, ಅಂದರೆ 50(2 − √3), ಹತ್ತಿರ ಹತ್ತಿರ 13.4 ಅಡಿ. (ಗುಡ್ಡದ ಇಳಿಜಾರಿನಲ್ಲಿ ಈ ಲೆಕ್ಕ ನಡೆಯದು.) ಅವಸರಕ್ಕೆ √3 = 1.7 ಎಂದುಕೊಂಡರೆ 50 × 0.3 = 15 ಅಡಿ. √3ರಲ್ಲಿ ಆದ ತಪ್ಪು ಶೇಕಡಾ 2ರೊಳಗೆ, ನೆರಳಿನಲ್ಲಿ ಶೇಕಡಾ 12ರಷ್ಟು. ಹತ್ತಿರ ಹತ್ತಿರದ ಎರಡು ಸಂಖ್ಯೆಗಳನ್ನು ಕಳೆದಾಗ ಉಳಿಯುವುದು ಚಿಕ್ಕದು, ತಪ್ಪು ಮಾತ್ರ ಅಷ್ಟೇ ಇರುತ್ತದೆ.

2 − √3 ಎಂದರೆ 1/(2 + √3) ಕೂಡ ಹೌದು. ಅದೇ 1.7 ಹಾಕಿ 50/3.7 ಮಾಡಿದರೆ 13.5 ಅಡಿ! ಛೇದದಲ್ಲಿ ವರ್ಗಮೂಲ ಉಳಿಸಬಾರದೆಂದು ಕಲಿಸುವುದು ಉತ್ತರ ಹೋಲಿಸಲು ಅನುಕೂಲ, ಆದರೆ ಕೈಲೆಕ್ಕಕ್ಕೆ ಕೆಲವೊಮ್ಮೆ ಛೇದದಲ್ಲಿ ಬಿಟ್ಟದ್ದೇ ವಾಸಿ.

ಇನ್ನು, ಯಾವ ಕೋನಗಳನ್ನು ಹೀಗೆ ಬಿಡಿಸಬಹುದು? 30°, 45°, 60°ಗಳನ್ನು ಎಷ್ಟು ಕೂಡಿ ಕಳೆದರೂ ಸಿಗುವುದು 15ರ ಅಪವರ್ತ್ಯಗಳು ಮಾತ್ರ. ಸೈನ್ 18° = (√5 − 1)/4 ಗೊತ್ತಿದ್ದರೆ 18° − 15° = 3°, ಅಲ್ಲಿಂದ 3ರ ಅಪವರ್ತ್ಯಗಳೆಲ್ಲ ಸಿಗುತ್ತವೆ. ಎರಡನೆಯ ಭಾಸ್ಕರಾಚಾರ್ಯರ ಸಿದ್ಧಾಂತ ಶಿರೋಮಣಿಯ (1150) ಜ್ಯೋತ್ಪತ್ತಿ ಭಾಗದಲ್ಲಿ 18°ಯ ಜ್ಯಾ (ಸೈನ್‌ಗೆ ಹಳೆಯ ಹೆಸರು) ಇದೆ, ಕೋನಗಳ ಮೊತ್ತ ಮತ್ತು ವ್ಯತ್ಯಾಸದ ಜ್ಯಾ ಸೂತ್ರಗಳೂ ಇವೆ. 20°ಗೆ ಈ ದಾರಿಯಿಲ್ಲ. ಕಾಸ್ 20°ಯನ್ನು ‘ಕ’ ಎಂದುಕೊಂಡು ಕಾಸ್ 60°ಯ ತ್ರಿಗುಣಕೋನ ಸೂತ್ರ ಬರೆದರೆ 8ಕ³ − 6ಕ − 1 = 0 ಬರುತ್ತದೆ. ಈ ಘನ ಸಮೀಕರಣ ವರ್ಗಮೂಲಗಳಿಗೆ ಬಗ್ಗುವಂಥದ್ದಲ್ಲ.