ಡೆಕ್ಸ್‌ಟ್ರಾನ್‌ಸುಕ್ರೇಸ್: ಕಬ್ಬಿನ ಹಾಲನ್ನು ಲೋಳೆ ಮಾಡುವ ಕಿಣ್ವ

ಕಡಿದ ಕಬ್ಬನ್ನು ಬಿಸಿಲಲ್ಲಿ ಬಿಟ್ಟರೆ ತೂಕ ಇಳಿಯುತ್ತದೆ. ಕೊಲ್ಹಾಪುರ ಜಿಲ್ಲೆಯ ಶಿರೋಳ, ಗಡಹಿಂಗ್ಲಜ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಹಂಗಾಮು ಜೋರಾದಾಗ ಕಾರ್ಖಾನೆ ಮುಂದೆ ಟ್ರ್ಯಾಕ್ಟರ್ ಸಾಲು ನಿಂತರೆ ನಮ್ಮ ಮನೆಗಳಲ್ಲಿ ಅದೇ ಚಿಂತೆ. ಆದರೆ ಆ ಹೊತ್ತಿನಲ್ಲಿ ನೀರಿನ ಜೊತೆ ಸಕ್ಕರೆಯೂ ಹೋಗುತ್ತಿರುತ್ತದೆ. ಆ ಸಕ್ಕರೆಯಲ್ಲಿ ಒಂದು ಪಾಲನ್ನು ತಿನ್ನುವುದು ಡೆಕ್ಸ್‌ಟ್ರಾನ್‌ಸುಕ್ರೇಸ್ ಎಂಬ ಕಿಣ್ವ. ಕಿಣ್ವ ಅಂದರೆ ಜೀವಿಗಳು ರಾಸಾಯನಿಕ ಕೆಲಸ ಮಾಡಿಸಿಕೊಳ್ಳುವ ಪ್ರೋಟೀನ್.

ಹೆಸರು ಉದ್ದ, ಬಿಡಿಸಿದರೆ ಸುಲಭ. ಸುಕ್ರೋಸ್ ಅಂದರೆ ಚಹಾಕ್ಕೆ ಹಾಕುವ ನಮ್ಮ ಸಕ್ಕರೆ. ಕೊನೆಯ ‘ಏಸ್’ ಕಿಣ್ವಗಳ ಹೆಸರಿಗೆ ಹಚ್ಚುವ ಬಾಲ. ಡೆಕ್ಸ್‌ಟ್ರಾನ್ ಅಂದರೆ ಆ ಸಕ್ಕರೆಯಿಂದ ತಯಾರಾಗುವ ಲೋಳೆ. ಲ್ಯಾಟಿನ್‌ನಲ್ಲಿ ‘ಡೆಕ್ಸ್‌ಟರ್’ ಅಂದರೆ ಬಲಗಡೆ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಈ ಲೋಳೆಯ ದ್ರಾವಣದ ಮೂಲಕ ಹಾಯಿಸಿದರೆ ಅದು ಬಲಕ್ಕೆ ತಿರುಗುತ್ತದೆ. ಅದನ್ನು ನೋಡಿಯೇ 1874ರಲ್ಲಿ ಶೈಬ್ಲರ್ ಎಂಬ ಜರ್ಮನ್ ರಸಾಯನ ವಿಜ್ಞಾನಿ ಈ ಹೆಸರು ಇಟ್ಟರು. ಈ ಬಲಗಡೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕಿಣ್ವವನ್ನು ಮಾಡುವುದು ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ. ಇಡ್ಲಿ ಹಿಟ್ಟು ಉಬ್ಬುವುದರಲ್ಲಿಯೂ ಇದರ ಕೈ ಇದೆ, ಹಾಗಾಗಿ ಸುಮ್ನೆ ಬೈಯುವ ಹಾಗಿಲ್ಲ! ಹೊಲದ ಮಣ್ಣಲ್ಲಿ, ಕಬ್ಬಿನ ಮೈಮೇಲೆ ಅದು ಇದ್ದೇ ಇರುತ್ತದೆ. ಕುಡುಗೋಲು ಬಿದ್ದ ಜಾಗದಿಂದ ಒಳಗೆ ಹೋಗುತ್ತದೆ. ಬೆಂಕಿಗೆ ಸಿಕ್ಕ ಕಬ್ಬಿನ ಸಿಪ್ಪೆ ಸೀಳಿರುತ್ತದೆ, ಅಲ್ಲಿ ಅದಕ್ಕೆ ದಾರಿ ಇನ್ನೂ ಜಾಸ್ತಿ.

ಬ್ಯಾಕ್ಟೀರಿಯಾ ಈ ಕಿಣ್ವವನ್ನು ತನ್ನ ಮೈಯಿಂದ ಹೊರಗೆ ಬಿಡುತ್ತದೆ. ಕೆಲಸ ನಡೆಯುವುದು ಹೊರಗೆ, ಕಬ್ಬಿನ ಹಾಲಿನಲ್ಲೇ. ಸುಕ್ರೋಸ್ ಅಂದರೆ ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಸೇರಿ ಆದ ಜೋಡಿ. ಕಿಣ್ವ ಆ ಜೋಡಿಯನ್ನು ಮುರಿಯುತ್ತದೆ. ಫ್ರಕ್ಟೋಸನ್ನು ಬಿಟ್ಟುಬಿಡುತ್ತದೆ, ಗ್ಲೂಕೋಸನ್ನು ಹಿಡಿದುಕೊಂಡು ಬೆಳೆಯುತ್ತಿರುವ ಸರಪಳಿಗೆ ಸೇರಿಸುತ್ತದೆ. ಮತ್ತೊಂದು ಸುಕ್ರೋಸ್, ಮತ್ತೊಂದು ಕೊಂಡಿ. ಹೀಗೆ ಸಾವಿರಗಟ್ಟಲೆ ಕೊಂಡಿಗಳ ಸರಪಳಿ ಆಗುತ್ತದೆ.

ನನಗೆ ತುಂಬಾ ಹಿಡಿಸಿದ್ದು ಇದರ ಮುಂದಿನ ವಿಷಯ. ಜೀವಕೋಶಗಳು ಇಂಥ ಸರಪಳಿ ಕಟ್ಟಬೇಕಾದರೆ ಸಾಮಾನ್ಯವಾಗಿ ಮೊದಲು ತಮ್ಮ ಶಕ್ತಿ ಖರ್ಚು ಮಾಡಿ ಗ್ಲೂಕೋಸನ್ನು ಸಜ್ಜು ಮಾಡಬೇಕು. ಈ ಕಿಣ್ವಕ್ಕೆ ಆ ಖರ್ಚಿಲ್ಲ. ಸಕ್ಕರೆಯ ಜೋಡಿ ಮುರಿದಾಗ ಬಿಡುಗಡೆಯಾಗುವ ಶಕ್ತಿಯೇ ಹೊಸ ಕೊಂಡಿಗೆ ಸಾಕು. ಬರೀ ಗ್ಲೂಕೋಸ್ ಕೊಟ್ಟರೆ ಸರಪಳಿ ಆಗುವುದೇ ಇಲ್ಲ, ಸುಕ್ರೋಸೇ ಬೇಕು. ಬ್ಯಾಕ್ಟೀರಿಯಾ ಪಕ್ಕದಲ್ಲಿ ಇರಲೇಬೇಕು ಎಂದೂ ಇಲ್ಲ. 1941ರಲ್ಲಿ ಹೆಹ್ರೆ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾ ಇಲ್ಲದ ದ್ರಾವಣದಲ್ಲಿಯೂ ಡೆಕ್ಸ್‌ಟ್ರಾನ್ ಆಗುವುದನ್ನು ತೋರಿಸಿಕೊಟ್ಟರು. ಸುಕ್ರೋಸ್ ತುಂಬಿದ ಕಬ್ಬಿನ ಹಾಲು ಅಂದರೆ ಈ ಕಿಣ್ವಕ್ಕೆ ಹಬ್ಬದ ಊಟ ಅಲ್ವಾ?

ಕಾರ್ಖಾನೆಯಲ್ಲಿ ಇದರ ಕಾಟ ಬೇರೆ ಬೇರೆ ರೀತಿ. ಹಾಲು ಮಂದವಾಗಿ ಸೋಸುವುದು ತಡವಾಗುತ್ತದೆ. ಸಕ್ಕರೆಯ ಹರಳು ಸೂಜಿಯ ಹಾಗೆ ಉದ್ದಕ್ಕೆ ಬೆಳೆಯುತ್ತದೆ. ತೊಳೆಯದ ಮೂಲೆಗಳಲ್ಲಿ ಕಪ್ಪೆಮೊಟ್ಟೆಯಂಥ ಲೋಳೆ ಕೂಡುತ್ತದೆ. ಇವಕ್ಕಿಂತ ಕೆಟ್ಟದ್ದು ಲೆಕ್ಕ ತಪ್ಪುವುದು. ಪ್ರಯೋಗಾಲಯದಲ್ಲಿ ಸಕ್ಕರೆ ಎಷ್ಟಿದೆ ಎಂದು ಅಳೆಯುವುದು ಬೆಳಕು ಎಷ್ಟು ಬಲಕ್ಕೆ ತಿರುಗಿತು ಎಂಬುದರಿಂದ. ಡೆಕ್ಸ್‌ಟ್ರಾನ್ ಬೆಳಕನ್ನು ಸಕ್ಕರೆಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಬಲಕ್ಕೆ ತಿರುಗಿಸುತ್ತದೆ. ಹಾಗಾಗಿ ಇಲ್ಲದ ಸಕ್ಕರೆ ಲೆಕ್ಕದಲ್ಲಿ ಕಾಣುತ್ತದೆ, ಚೀಲ ತುಂಬುವಾಗ ಸಿಗುವುದಿಲ್ಲ. ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಎಫ್‌ಆರ್‌ಪಿ ದರ ಸಕ್ಕರೆ ಇಳುವರಿಗೆ ಗಂಟು ಬಿದ್ದಿರುವುದರಿಂದ ಇಳುವರಿ ಕಡಿಮೆಯಾದರೆ ಅದು ರೈತರಿಗೂ ತಟ್ಟುತ್ತದೆ. ತೂಕದ ಬಗ್ಗೆ ಮಾತಾಡುವಷ್ಟೇ ನಾವು ಇದರ ಬಗ್ಗೆಯೂ ಮಾತಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಇದೇ ಲೋಳೆ ಆಸ್ಪತ್ರೆಯಲ್ಲಿ ಜೀವ ಉಳಿಸಿದೆ. 1940ರ ದಶಕದಲ್ಲಿ ಸ್ವೀಡನ್ನಿನ ಗ್ರೋನ್‌ವಾಲ್ ಮತ್ತು ಇಂಗೆಲ್‌ಮನ್ ಡೆಕ್ಸ್‌ಟ್ರಾನ್ ಸರಪಳಿಯನ್ನು ತುಂಡು ಮಾಡಿ, ರಕ್ತ ಹೋದವರ ನಾಳಗಳಿಗೆ ತುಂಬುವ ದ್ರಾವಣವಾಗಿ ಬಳಕೆಗೆ ತಂದರು. ಇನ್ನೊಂದು ಕಡೆ, ಹಲ್ಲು ಹುಳುಕು ಮಾಡುವ ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್ ಬಳಿ ಇದರ ಬಂಧುಗಳಾದ ಕಿಣ್ವಗಳಿವೆ. ಅವು ಕಟ್ಟುವ ಕೆಲವು ಸರಪಳಿ ನೀರಿನಲ್ಲಿ ಕರಗುವುದಿಲ್ಲ, ಹಲ್ಲಿಗೆ ಅಂಟಿಕೊಂಡು ಕೂರುತ್ತದೆ.

ಡೆಕ್ಸ್‌ಟ್ರಾನನ್ನು ಕತ್ತರಿಸುವ ಡೆಕ್ಸ್‌ಟ್ರಾನೇಸ್ ಎಂಬ ಬೇರೆ ಕಿಣ್ವವನ್ನು ಕಾರ್ಖಾನೆಗಳು ಹಾಕುವುದುಂಟು, ಆದರೆ ಅದಕ್ಕೆ ದುಡ್ಡು ಬೇಕು. ನಮ್ಮ ಗಾಣದವರು ಹಾಲು ಹಿಂಡಿದ ಕೂಡಲೇ ಕೊಪ್ಪರಿಗೆಗೆ ಹಾಕಿ ಕುದಿಸುತ್ತಾರೆ. ಆ ಬಿಸಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, ಕಿಣ್ವ ಕೆಡುತ್ತದೆ. ಆದರೆ ಕಬ್ಬಿನೊಳಗೆ ಮೊದಲೇ ಆಗಿಹೋದ ಡೆಕ್ಸ್‌ಟ್ರಾನ್ ಕುದಿಸಿದರೆ ಮತ್ತೆ ಸಕ್ಕರೆ ಆಗುವುದಿಲ್ಲ. ಇವತ್ತು ಕಡಿದದ್ದನ್ನು ಇವತ್ತೇ ಅರೆಯಬೇಕು ಎಂದು ಗಾಣದವರು ಅವಸರ ಮಾಡುವುದು ಅದಕ್ಕೇ ಸರಿ.