ಸಿಸಿ ಕಮ್ಮಿ ಇದ್ದರೆ ಪೆಟ್ರೋಲೂ ಕಮ್ಮಿಯೇ?

ಕಾರು ಕೊಳ್ಳುವ ಮುಂಚೆ ಗ್ಯಾರೇಜಿಗೆ ಬಂದು ಒಂದು ಮಾತು ಕೇಳಿ ಹೋಗುವವರು ನಮ್ಮ ದಾವಣಗೆರೆಯಲ್ಲಿ ಬಹಳ. ಮೊದಲ ಪ್ರಶ್ನೆ ‘ಎಷ್ಟು ಕೊಡ್ತೈತಿ ಅಣ್ಣ?’ ಅಂತಲೇ ಇರುತ್ತದೆ. ಎರಡನೆಯದು ಪ್ರಶ್ನೆಯಲ್ಲ, ತೀರ್ಮಾನ: ‘ಸಣ್ಣ ಎಂಜಿನ್ನಿಂದೇ ನೋಡ್ತೀವಿ ಬಿಡ್ರಿ, ಪೆಟ್ರೋಲ್ ಉಳಿತೈತಿ.’ ಈ ತೀರ್ಮಾನ ಊರೊಳಗೆ ಅರ್ಧ ಸರಿ. ಊರು ದಾಟಿ ಹೈವೇ ಹತ್ತಿದ ಮೇಲೆ ಬಹುಪಾಲು ತಪ್ಪು.

ಸಿಸಿ ಅಂದರೆ ಎಂಜಿನ್ನಿನ ಗಾತ್ರದ ಅಳತೆ. ಕಂಪನಿಗಳೇ ಹೇಳಿಕೊಂಡ ಅಂಕಿಗಳನ್ನು ನೋಡಿ. 796 ಸಿಸಿಯ ಆಲ್ಟೊ 800 ಬಿಎಸ್6 ಹೊಗೆ ನಿಯಮಕ್ಕೆ ಹೊಂದಿಕೊಂಡ ಮೇಲೆ ಲೀಟರಿಗೆ 22.05 ಕಿ.ಮೀ. 2022ರಲ್ಲಿ ಬಂದ 998 ಸಿಸಿಯ ಆಲ್ಟೊ ಕೆ10, ಕೈಗೇರಿನದ್ದು, 24.39. ಎಂಜಿನ್ 200 ಸಿಸಿ ದೊಡ್ಡದು, ಮೈಲೇಜೂ ಹೆಚ್ಚು. ಕೆ10ರದ್ದು ಹೊಸ ಪೀಳಿಗೆಯ ಎಂಜಿನ್ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ನಾನು ಹೇಳುತ್ತಿರುವುದೂ ಅದನ್ನೇ. ಸಿಸಿ ಒಂದನ್ನೇ ಹಿಡಿದುಕೊಂಡು ಮೈಲೇಜ್ ಅಳೆಯಲಾಗದು. ಸ್ವಿಫ್ಟ್ ತೆಗೆದುಕೊಳ್ಳಿ. ಹಿಂದಿನದ್ದೂ 1197 ಸಿಸಿ, 2024ರದ್ದೂ 1197 ಸಿಸಿ. ನಾಲ್ಕು ಸಿಲಿಂಡರ್ ಹೋಗಿ ಮೂರಾಯಿತು, ಒಳಗೆ ಉಜ್ಜಾಡುವ ಭಾಗಗಳು ಕಡಿಮೆಯಾದವು, ಪವರ್ ಸ್ವಲ್ಪ ಇಳಿಯಿತು, ಮೈಲೇಜ್ 24.8ಕ್ಕೆ ಏರಿತು.

ನ್ಯಾಯವಾದ ಹೋಲಿಕೆ ಬೇಕೆಂದರೆ ವ್ಯಾಗನ್ ಆರ್ ಸರಿ. ಅದೇ ಬಾಡಿಯಲ್ಲಿ ಎರಡು ಎಂಜಿನ್: 998 ಸಿಸಿಯದ್ದು 24.35, 1197 ಸಿಸಿಯದ್ದು 23.56. ಪವರ್ ಮಾತ್ರ ಸುಮಾರು 67ರಿಂದ 90 ಎಚ್‌ಪಿಗೆ ಜಿಗಿಯುತ್ತದೆ. ವರ್ಷಕ್ಕೆ 10,000 ಕಿ.ಮೀ. ಓಡಿಸುವವರಿಗೆ ಈ ವ್ಯತ್ಯಾಸ 14 ಲೀಟರ್ ಪೆಟ್ರೋಲ್. ಅದರ ಟ್ಯಾಂಕೇ 32 ಲೀಟರಿನದ್ದು. ವರ್ಷಕ್ಕೆ ಅರ್ಧ ಟ್ಯಾಂಕೂ ತುಂಬದ ಉಳಿತಾಯಕ್ಕಾಗಿ ಜನ ಕಾಲು ಭಾಗ ಪವರನ್ನು ಬಿಟ್ಟುಕೊಡುತ್ತಾರೆ. ಬೇಕಿಲ್ಲದವರು ಬಿಟ್ಟುಕೊಟ್ಟರೆ ತಪ್ಪಿಲ್ಲ. ಬೇಕಿರುವವರೂ ಬಿಟ್ಟುಕೊಡುವುದು ನನಗೆ ಸಂಕಟ.

ಯಾರಿಗೆ ಬೇಕು, ಯಾರಿಗೆ ಬೇಡ ಎನ್ನಲು ಎಂಜಿನ್ ಒಳಗೆ ಸ್ವಲ್ಪ ಇಣುಕಬೇಕು. ಪೆಟ್ರೋಲ್ ಎಂಜಿನ್‌ನಲ್ಲಿ ನಾವು ಆಕ್ಸಿಲರೇಟರ್ ತುಳಿದಾಗ ತೆರೆಯುವುದು ಗಾಳಿಯ ಬಾಗಿಲು, ಅಂದರೆ ಥ್ರಾಟಲ್. ಪಿ.ಬಿ. ರಸ್ತೆಯಲ್ಲೋ ಮಂಡಿಪೇಟೆಯಲ್ಲೋ ಎರಡನೇ ಗೇರಿನಲ್ಲಿ ತೆವಳುವಾಗ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ. ಎಳನೀರಿನ ಕೊಳವೆಯನ್ನು ಬೆರಳಿನಲ್ಲಿ ಅದುಮಿಕೊಂಡು ಹೀರಿದ ಹಾಗೆ, ಪಿಸ್ಟನ್ ಗಾಳಿ ಎಳೆದುಕೊಳ್ಳುವುದಕ್ಕೇ ಶ್ರಮ ಪಡುತ್ತದೆ. ಎಂಜಿನ್ ದೊಡ್ಡದಾದಷ್ಟೂ ಈ ದಂಡದ ಶ್ರಮವೂ ಒಳಗಿನ ಘರ್ಷಣೆಯೂ ಹೆಚ್ಚು. ಜಯದೇವ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಸುಮ್ಮನೆ ನಿಂತಾಗಲೂ ದೊಡ್ಡ ಎಂಜಿನ್ ಸ್ವಲ್ಪ ಹೆಚ್ಚೇ ಕುಡಿಯುತ್ತದೆ. ಊರೊಳಗೆ ಸಣ್ಣದು ಗೆಲ್ಲುವುದು ಈ ಕಾರಣಕ್ಕೆ.

ಹೈವೇಯ ಲೆಕ್ಕ ಬೇರೆ. ಸಣ್ಣ ಕಾರೊಂದು ಸಮತಟ್ಟು ರಸ್ತೆಯಲ್ಲಿ 80ರಲ್ಲಿ ಓಡಲು ಚಕ್ರದ ಬಳಿ ಬೇಕಾಗುವುದು ಸುಮಾರು 10 ಎಚ್‌ಪಿ ಮಾತ್ರ. 100ಕ್ಕೆ 15ರ ಆಸುಪಾಸು. 120 ಮಾಡಿದರೆ ಹತ್ತಿರಹತ್ತಿರ 24. ವೇಗ ಒಂದೂವರೆ ಪಟ್ಟಾದರೆ ಗಾಳಿಯ ತಡೆ ಎರಡೂಕಾಲು ಪಟ್ಟಾಗುತ್ತದೆ, ಅದಕ್ಕೇ ಹೀಗೆ. ‘ಅಷ್ಟೇನಾ? ನನ್ನ ಆಲ್ಟೊ 47 ಎಚ್‌ಪಿ ಐತಲ್ಲ’ ಅನ್ನುತ್ತಾರೆ. ಆ 47 ಸಿಗುವುದು 6000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 6000 ಸುತ್ತು ತಿರುಗುತ್ತ ಎಂಜಿನ್ ಕಿರುಚುವಾಗ. 2000 ಆರ್‌ಪಿಎಂನಲ್ಲಿ 800ರ ಎಂಜಿನ್ ಪೂರ್ತಿ ತುಳಿದರೂ ಕೊಡುವುದು 17-18 ಎಚ್‌ಪಿ. ಅದರಲ್ಲಿ ಎ.ಸಿ. ಮೂರ್ನಾಲ್ಕು ತಿನ್ನುತ್ತದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಚಿತ್ರದುರ್ಗ ಇನ್ನೂ ಮೇಲೆ. ಗಾಳಿ ತೆಳುವಾದ್ದರಿಂದ ಟರ್ಬೊ ಇಲ್ಲದ ಎಂಜಿನ್‌ಗೆ ಶೇಕಡಾ 6-7 ಖೋತಾ. ಐದು ಜನ, ಮೇಲೆ ಲಗೇಜು ಎಂದರೆ 350 ಕಿಲೋ. ಕಾರಿನ ತೂಕದ ಅರ್ಧದಷ್ಟು ಹೊರೆ ಒಳಗೇ ಕೂತಿರುತ್ತದೆ.

ಇನ್ನು ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಯಾರೂ ಅಲಂಕಾರಕ್ಕೆ ನಿಲ್ಲಿಸಿಲ್ಲ. ಆಷಾಢದಲ್ಲಿ ದುರ್ಗದಿಂದ ಭರಮಸಾಗರದ ಕಡೆ ಬರುವವರಿಗೆ ಸ್ಟಿಯರಿಂಗ್ ಹಿಡಿದ ಕೈಗೇ ಅದು ಗೊತ್ತಾಗುತ್ತದೆ. ನಿಮ್ಮ ವೇಗ 100, ಎದುರುಗಾಳಿ 30 ಎಂದಿಟ್ಟುಕೊಳ್ಳಿ. ಕಾರಿನ ಮಟ್ಟಿಗೆ ಅದು 130ರ ಗಾಳಿ. 15 ಎಚ್‌ಪಿ ಸಾಕಾಗುತ್ತಿದ್ದಲ್ಲಿ 23 ಬೇಕಾಗುತ್ತದೆ.

ಆಗ ಸಣ್ಣ ಎಂಜಿನ್‌ಗೆ ಉಳಿದಿರುವುದು ಎರಡೇ ದಾರಿ. ಗೇರ್ ಇಳಿಸಿ ಆರ್‌ಪಿಎಂ ಏರಿಸಬೇಕು, ಇಲ್ಲವೇ ಪೆಡಲನ್ನು ಕೊನೆಯವರೆಗೆ ತುಳಿಯಬೇಕು. ಆರ್‌ಪಿಎಂ ಏರಿದರೆ ಘರ್ಷಣೆಗೆ ಹೋಗುವ ಪಾಲು ಏರುತ್ತದೆ. ಪೂರ್ತಿ ತುಳಿದರೆ ಎಂಜಿನ್ನಿನ ಕಂಪ್ಯೂಟರ್ ಗಾಳಿ-ಪೆಟ್ರೋಲಿನ ಹದ ಬದಲಿಸುತ್ತದೆ. ಸಾಮಾನ್ಯವಾಗಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ (ತೂಕದಲ್ಲಿ) ಇರುವ ಮಿಶ್ರಣಕ್ಕೆ, ಶಕ್ತಿಗಾಗಿಯೂ ಒಳಗಿನ ಬಿಸಿ ತಡೆಯಲಿಕ್ಕೂ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಇದೇ ಹೊತ್ತಿನಲ್ಲಿ ಪಕ್ಕದ 1.2 ಲೀಟರಿನ ಕಾರು ಐದನೇ ಗೇರಿನಲ್ಲಿ, ಮುಕ್ಕಾಲು ಪೆಡಲಿನಲ್ಲಿ ಆರಾಮಾಗಿ ಹೋಗುತ್ತಿರುತ್ತದೆ. ಪೆಟ್ರೋಲ್ ಎಂಜಿನ್ ಅತ್ಯಂತ ಮಿತವ್ಯಯಿ ಆಗಿರುವುದೇ ಅಲ್ಲಿ, ನಡುವಿನ ಆರ್‌ಪಿಎಂ, ಒಳ್ಳೆಯ ಹೊರೆ.

ಜಾಹೀರಾತಿನ ಮೈಲೇಜಿನಲ್ಲಿ ಇದ್ಯಾವುದೂ ಕಾಣುವುದಿಲ್ಲ. ಆ ಪರೀಕ್ಷೆ ನಡೆಯುವುದು ರೋಲರ್ ಮೇಲೆ, ಎ.ಸಿ. ಆರಿಸಿ, 90 ಕಿ.ಮೀ. ವೇಗ ಮೀರದೆ. ಅಲ್ಲಿ ಆಷಾಢವಿಲ್ಲ, ಹಿಂದಿನ ಸೀಟಿನಲ್ಲಿ ಅತ್ತೆ-ಮಾವ ಇಲ್ಲ.

1197, 1199 ಎನ್ನುವ ವಿಚಿತ್ರ ಸಂಖ್ಯೆಗಳಿಗೆ ಎಂಜಿನಿಯರಿಂಗ್‌ಗಿಂತ ತೆರಿಗೆಯೇ ಹೆಚ್ಚು ಕಾರಣ. ನಾಲ್ಕು ಮೀಟರ್ ಒಳಗಿನ ಉದ್ದ, ಪೆಟ್ರೋಲಾದರೆ 1200 ಸಿಸಿ ಮಿತಿ ಎಂಬ ಗೆರೆಯನ್ನು ಸರ್ಕಾರ 2006ರ ಬಜೆಟ್ಟಿನಲ್ಲಿ ಎಳೆಯಿತು. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಒಳಗಿದ್ದರೆ ಜಿಎಸ್‌ಟಿ ಶೇ 18, ಹೊರಗಿದ್ದರೆ ಶೇ 40.

ಟರ್ಬೊ ಬಂದ ಮೇಲೆ ಸಿಸಿ ಇನ್ನಷ್ಟು ಮೋಸದ ಅಂಕಿಯಾಗಿದೆ. ಕೆ10ರದ್ದೂ 998 ಸಿಸಿ, ವೆನ್ಯೂ ಟರ್ಬೊದ್ದೂ 998 ಸಿಸಿ. ಒಂದರ ಟಾರ್ಕ್ (ತಿರುಗಿಸುವ ಬಲ) 89 ನ್ಯೂಟನ್ ಮೀಟರ್, ಇನ್ನೊಂದರದ್ದು 172. ಹೊರಹೋಗುವ ಹೊಗೆಯ ಬಲದಿಂದಲೇ ಗಾಳಿಯನ್ನು ಒತ್ತಿ ತುಂಬುವುದರಿಂದ ಸಣ್ಣ ಎಂಜಿನ್ ಬೇಕಾದಾಗ ದೊಡ್ಡದರಂತೆ ದುಡಿಯುತ್ತದೆ, ದೊಡ್ಡದರಂತೆ ಕುಡಿಯುತ್ತದೆ ಕೂಡ. ಮೆತ್ತಗಿನ ಕಾಲಿನವರಿಗೆ ಒಳ್ಳೆಯ ಮೈಲೇಜ್. ಓವರ್‌ಟೇಕ್ ಚಪಲದವರು ‘ಕಂಪನಿ ಮೋಸ ಮಾಡೈತಿ’ ಎಂದು ನನ್ನ ಹತ್ತಿರ ಬರುತ್ತಾರೆ. ಡೀಸೆಲ್ಲಿಗೆ ಈ ಥ್ರಾಟಲ್ ಕಾಟ ಬಹುತೇಕ ಇಲ್ಲ. ಆ ಕಥೆ ಇನ್ನೊಮ್ಮೆ.

ಹಾಗಾದರೆ ಯಾವುದು ತಗೊಳ್ಳೋಣ ಅಂದರೆ, ನಾನು ಕೇಳುವುದು ತಿಂಗಳಲ್ಲಿ ಎಷ್ಟು ಸಲ ಹೈವೇ, ಎಷ್ಟು ಜನ, ಎಷ್ಟು ವೇಗ ಎಂದು. ಪಿ.ಜೆ. ಬಡಾವಣೆಯ ಮನೆಯಿಂದ ಶಾಲೆ, ಅಂಗಡಿ, ಆಸ್ಪತ್ರೆ, ಅಪರೂಪಕ್ಕೆ ಹರಿಹರ ಎನ್ನುವವರಿಗೆ 1.0 ಲೀಟರ್ ಧಾರಾಳ. ವಾರವಾರ ಸಂಸಾರ ಸಮೇತ ಬೆಂಗಳೂರು ಎನ್ನುವವರು 1.2ಕ್ಕಿಂತ ಕೆಳಗೆ ಇಳಿಯಬೇಡಿ. ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೋಗಿ ಬರುವಾಗ ಚಾರ್ಮಾಡಿ ಹತ್ತುವ ಒಂದೇ ಕಾರಣಕ್ಕೆ ದೊಡ್ಡ ಎಂಜಿನ್ ಬೇಡ, ಆ ಒಂದು ದಿನ ಎರಡನೇ ಗೇರಿನಲ್ಲಿ ಹತ್ತಿದರಾಯಿತು. ಸೆಕೆಂಡ್ ಹ್ಯಾಂಡ್ 800 ನೋಡುವವರು ಕ್ಲಚ್ ಮೊದಲು ನೋಡಿ. ಟಾರ್ಕ್ ಕಡಿಮೆ ಇರುವ ಗಾಡಿಯನ್ನು ತುಂಬು ಹೊರೆಯಲ್ಲಿ ಹಾಫ್ ಕ್ಲಚ್ ಹಿಡಿದೇ ಎಬ್ಬಿಸಿರುತ್ತಾರೆ. ಉಳಿದ ಪೆಟ್ರೋಲ್ ದುಡ್ಡು ಕ್ಲಚ್ ಪ್ಲೇಟಿಗೆ ಹೋಗಿರುತ್ತದೆ. 1.2 ತಗೊಂಡವರಿಗೂ ಒಂದು ಮಾತು: ಪಿಕಪ್ ಇದೆಯೆಂದು 120ರಲ್ಲಿ ಓಡಿಸಿದರೆ ಮೇಲಿನ ಲೆಕ್ಕವೆಲ್ಲ ಗಾಳಿಗೆ.

ಷೋರೂಮಿನವರು ಟೆಸ್ಟ್ ಡ್ರೈವಿಗೆ ಒಬ್ಬರನ್ನೇ ಕೂರಿಸಿಕೊಂಡು ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೊಡೆಸುತ್ತಾರೆ. ಮನೆಯವರನ್ನೆಲ್ಲ ಕರೆದುಕೊಂಡೇ ಹೋಗಿ. ಎ.ಸಿ. ಹಾಕಿ, ಹೈವೇಗೆ ತೆಗೆದುಕೊಂಡು, ಒಂದು ಲಾರಿಯ ಹಿಂದೆ 60ರಲ್ಲಿ ನಾಲ್ಕನೇ ಗೇರಿನಲ್ಲಿರುವಾಗ ಮುಂದೆ ದಾರಿ ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು ತುಳಿದು ನೋಡಿ. ಗೇರ್ ಇಳಿಸದೆ ಲಾರಿ ದಾಟಿದರೆ ಆ ಎಂಜಿನ್ ನಿಮ್ಮ ಸಂಸಾರಕ್ಕೆ ಸಾಕು.