ಮೂಗುಪಟ್ಟಿ ಬೇರೆ, ಮೂಗುದಾರ ಬೇರೆ

ಸವಾರಿ ಕುದುರೆಯ ನೋಸ್‌ಬ್ಯಾಂಡನ್ನು ಕನ್ನಡದಲ್ಲಿ ಮೂಗುಪಟ್ಟಿ ಅನ್ನಬಹುದು. ಮೂಗುದಾರ ಅಂದರೆ ಮಾತ್ರ ಎಡವಟ್ಟು. ಮೂಗುದಾರ ಎತ್ತಿನ ಮೂಗು ಚುಚ್ಚಿ ಪೋಣಿಸಿದ ಹಗ್ಗ. ಮೂಗುಪಟ್ಟಿ ಏನನ್ನೂ ಚುಚ್ಚುವುದಿಲ್ಲ. ಮೂಗಿನ ಮೇಲಿಂದ ಹಾದು ದವಡೆಯ ಕೆಳಗೆ ಬಕಲ್ ಹಾಕುವ ಚರ್ಮದ ಪಟ್ಟಿ ಅದು. ಲಗಾಮು ಸಿಕ್ಕಿಸುವುದು ಸಾಮಾನ್ಯವಾಗಿ ಬಾಯೊಳಗಿನ ಕಡಿವಾಣಕ್ಕೆ, ಇದಕ್ಕಲ್ಲ.

ಇದರಲ್ಲಿ ಹಲವು ಬಗೆ. ಸಾದಾ ಪಟ್ಟಿ ಕ್ಯಾವ್‌ಸನ್. ಅದರ ಕೆಳಗೆ ಇನ್ನೊಂದು ಸಣ್ಣ ಪಟ್ಟಿ ಸೇರಿಸಿದರೆ ಫ್ಲ್ಯಾಶ್. ಮೂಗಿನ ಮೇಲೆ ಅಡ್ಡಡ್ಡ ದಾಟುವುದು ಗ್ರ್ಯಾಕಲ್. 1931ರಲ್ಲಿ ಇಂಗ್ಲೆಂಡಿನ ಗ್ರ್ಯಾಂಡ್ ನ್ಯಾಷನಲ್ ರೇಸ್ ಗೆದ್ದ ಕುದುರೆಯ ಹೆಸರು ಅದು. ಕ್ರ್ಯಾಂಕ್‌ನಲ್ಲಿ ಪಟ್ಟಿ ಬಕಲ್ಲಿನಲ್ಲಿ ತೂರಿ ಹಿಂದಕ್ಕೆ ಮಡಚುತ್ತದೆ, ರಾಟೆಯ ಹಾಗೆ. ಕಡಿಮೆ ಬಲಕ್ಕೇ ಜಾಸ್ತಿ ಬಿಗಿಯಾಗುತ್ತದೆ. ನನಗೆ ಭಯ ಇದರದ್ದೇ.

ಕ್ಯಾವ್‌ಸನ್ ಕೂರಬೇಕಾದ್ದು ಕೆನ್ನೆಯ ಎದ್ದು ಕಾಣುವ ಮೂಳೆಯಿಂದ ಎರಡು ಬೆರಳು ಕೆಳಗೆ. ತೀರಾ ಕೆಳಗಿಳಿದರೆ ಮೂಗಿನ ಮೆತ್ತನೆ ಭಾಗ ಅದುಮಿಕೊಳ್ಳುತ್ತದೆ. ಕುದುರೆ ಉಸಿರಾಡುವುದು ಮೂಗಿನಿಂದ ಮಾತ್ರ, ಬಾಯಿಂದಲ್ಲ.

ಬಿಗಿ ನೋಡಲು ದೊಡ್ಡವರ ಎರಡು ಬೆರಳು ತೂರಿಸಬೇಕು, ಅದೂ ಮೂಗಿನ ಎಲುಬಿನ ಮೇಲೆ. ಪಕ್ಕದಲ್ಲಿ ತಗ್ಗು ಇರುತ್ತದೆ, ಪಟ್ಟಿ ಬಿಗಿಯಿದ್ದರೂ ಅಲ್ಲಿ ಬೆರಳು ಹೋಗುತ್ತದೆ. ಬೆರಳು ಒಬ್ಬೊಬ್ಬರದು ಒಂದೊಂದು ದಪ್ಪ, ಅಲ್ವಾ? ಅದಕ್ಕೇ ಡೆನ್ಮಾರ್ಕ್ 2018ರಲ್ಲಿ ತನ್ನ ಸ್ಪರ್ಧೆಗಳಿಗೆ, ಪಟ್ಟಿಯಡಿ 1.5 ಸೆಂಟಿಮೀಟರ್ ಜಾಗ ಇದೆಯೇ ಅಂತ ನೋಡುವ ಅಳತೆಗೋಲು ತಂದಿತು.

ತೀರಾ ಬಿಗಿದರೆ ಏನಾಗುತ್ತದೆ? ಕೆನ್ನೆಯ ಒಳಭಾಗ ದವಡೆ ಹಲ್ಲಿನ ಚೂಪು ಅಂಚಿಗೆ ಒತ್ತಿ ಹುಣ್ಣಾಗಬಹುದು. ಆಸ್ಟ್ರೇಲಿಯದ ಸಂಶೋಧಕರು 2016ರಲ್ಲಿ 12 ಕುದುರೆಗಳ ಮೇಲೆ ಪರೀಕ್ಷೆ ಮಾಡಿದರು. ಪಟ್ಟಿ ಬಿಗಿಯಾದಾಗ ಎದೆಬಡಿತ ಏರಿತು, ಕಣ್ಣಿನ ಬಿಸಿಯೂ ಏರಿತು. ಅಗಿಯುವುದು, ಎಂಜಲು ನುಂಗುವುದು ತಗ್ಗಿತು. ಪಟ್ಟಿ ಸಡಿಲಿಸಿದ ಮೇಲೆ ಆಕಳಿಕೆ, ನುಂಗುವುದು, ನೆಕ್ಕುವುದು ಮಾಮೂಲಿಗಿಂತ ಜಾಸ್ತಿಯಾಯಿತು. ತಡೆದಿಟ್ಟದ್ದನ್ನೆಲ್ಲ ಒಟ್ಟಿಗೇ ತೀರಿಸಿಕೊಂಡ ಹಾಗೆ.

ಪಳಗಿಸುವಾಗ ಎಳೆ ಕುದುರೆ ಬಾಯಿ ತೆರೆದರೆ ಎಷ್ಟೋ ಜನ ಪಟ್ಟಿಯನ್ನು ಇನ್ನೊಂದು ತೂತು ಬಿಗಿಯುತ್ತಾರೆ. ಕುದುರೆ ಸುಮ್ನೆ ಬಾಯಿ ತೆರೆಯುವುದಿಲ್ಲ. ಹಲ್ಲು ನೋಯುತ್ತಿರಬಹುದು, ಕಡಿವಾಣದ ಅಳತೆ ತಪ್ಪಿರಬಹುದು. ಹಲ್ಲು ನೋಡಿಸಿ, ಕಡಿವಾಣ ಬದಲಿಸಿ ನೋಡಿ. ಅದಕ್ಕೂ ಮೊದಲು, ನಿಲ್ಲಿಸಲು ಲಗಾಮು ಎಳೆದಾಗ ಕುದುರೆ ನಿಲ್ಲುತ್ತಿದ್ದಂತೆ ಅದನ್ನು ಸಡಿಲಿಸುತ್ತಿದ್ದೀರಾ ಅಂತ ನಿಮ್ಮ ಕೈಯನ್ನೇ ಗಮನಿಸಿ.